ಆಯ್ಕೆಪಟ್ಟಿಯಲ್ಲಿ ಹೆಸರಿದೆ, ಮಂಜೂರಾತಿ ಪತ್ರವಿಲ್ಲ: ವಿದೇಶ ವ್ಯಾಸಂಗ ವಿದ್ಯಾರ್ಥಿವೇತನದ ಗೊಂದಲ ಏನು, ಯಾಕೆ?

2025ರ ಜುಲೈ ಆರಂಭದಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ, ಪರಿಶಿಷ್ಟ ಜಾತಿ ಮುಂತಾದ ಸಮುದಾಯಗಳ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ಕೊಡುವ 2025–26ನೇ ಸಾಲಿನ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ ಫಲಿತಾಂಶ ಪ್ರಕಟಿಸಿತು. ಬಂದ ಅರ್ಜಿ 440. ಅದರಲ್ಲಿ ಆಯ್ಕೆಯಾದವರು 106, ಆಯ್ಕೆಯಾಗದವರು 64, ತಿರಸ್ಕೃತ ಅರ್ಜಿಗಳು 270. ಇಷ್ಟೇ ಆಗಿದ್ದರೆ ಎಲ್ಲ ವರ್ಷದಂತೆ ಇದೂ ಒಂದು ಫಲಿತಾಂಶ. ಆದರೆ ಆಯ್ಕೆಯಾದ 106 ಮಂದಿಯಲ್ಲಿ ತಾತ್ಕಾಲಿಕ ಮಂಜೂರಾತಿ ಪತ್ರ ಹೋದದ್ದು 40 ಮಂದಿಗೆ ಮಾತ್ರ. ಉಳಿದ 66 ಮಂದಿಗೆ ಸಿಕ್ಕ ಉತ್ತರ: ಹಣದ ಲಭ್ಯತೆ ನೋಡಿಕೊಂಡು ಪತ್ರ ಕೊಡಲಾಗುವುದು.

ಓದಿದವರಿಗೆ ಗೊಂದಲವಾದದ್ದು ಸಹಜ. ಸೀಟು ಘೋಷಿಸಿದ್ದು ಸರ್ಕಾರ, ಅರ್ಜಿ ಕರೆದದ್ದು ಸರ್ಕಾರ, ಆರಿಸಿದ್ದೂ ಸರ್ಕಾರವೇ. ಆಮೇಲೆ ಹಣವಿದೆಯೇ ಎಂದು ನೋಡುವುದೆಂದರೇನು? ಈ ಪ್ರಶ್ನೆಗೆ ಉತ್ತರ ಒಂದು ಸಚಿವಾಲಯದ ಒಂದು ವರ್ಷದ ಲೆಕ್ಕದಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ವಿದ್ಯಾರ್ಥಿವೇತನ ಎಂಬುದನ್ನು ಕಟ್ಟಿರುವ ರೀತಿಯಲ್ಲೇ ಆಯ್ಕೆ ಒಂದು ಹಳಿಯ ಮೇಲೆ, ಹಣ ಇನ್ನೊಂದು ಹಳಿಯ ಮೇಲೆ ಓಡುತ್ತದೆ. ಎರಡೂ ಒಂದೇ ನಿಲ್ದಾಣಕ್ಕೆ ಒಂದೇ ಹೊತ್ತಿಗೆ ಬರಬೇಕೆಂಬ ನಿಯಮ ಎಲ್ಲೂ ಇಲ್ಲ.

ಯೋಜನೆ ಯಾರಿಗೆ, ಎಷ್ಟು

ಈ ವಿದ್ಯಾರ್ಥಿವೇತನ ಶುರುವಾದದ್ದು 1954–55ರಲ್ಲಿ. ಈಗ ವರ್ಷಕ್ಕೆ 125 ಸೀಟು: ಪರಿಶಿಷ್ಟ ಜಾತಿಗೆ 115, ವಿಮುಕ್ತ, ಅಲೆಮಾರಿ ಮತ್ತು ಅರೆಅಲೆಮಾರಿ ಸಮುದಾಯಗಳಿಗೆ 6, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ 4. ಶೇ 30ರಷ್ಟು ಸೀಟು ಮಹಿಳೆಯರಿಗೆ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಇದೇ ಹೆಸರಿನಲ್ಲಿ ಬೇರೆ ಯೋಜನೆ ನಡೆಸುತ್ತದೆ. ಅಲ್ಲಿ ಇರುವುದು 20 ಸೀಟು. ಹೆಸರು ಒಂದೇ ಆದ್ದರಿಂದ ಅರ್ಜಿ ಹಾಕುವವರು ತಪ್ಪು ಪೋರ್ಟಲ್‌ಗೆ ಹೋಗುವುದುಂಟು.

ಸಾಮಾಜಿಕ ನ್ಯಾಯ ಸಚಿವಾಲಯದ ಯೋಜನೆಗೆ ಅರ್ಹತೆ ಹೀಗಿದೆ. ವಯಸ್ಸು 35 ಮೀರಿರಬಾರದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ದಾಟಿರಬಾರದು. ಅರ್ಹತಾ ಪರೀಕ್ಷೆಯಲ್ಲಿ ಶೇ 60 ಅಂಕ ಬೇಕು. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಕ್ಯೂಎಸ್ ಶ್ರೇಯಾಂಕದ ಮೊದಲ 500ರೊಳಗಿನ ವಿಶ್ವವಿದ್ಯಾಲಯದಿಂದ ಷರತ್ತಿಲ್ಲದ ಪ್ರವೇಶಪತ್ರ ಕೈಯಲ್ಲಿರಬೇಕು. ಸಿಕ್ಕರೆ ಪೂರ್ತಿ ಬೋಧನಾ ಶುಲ್ಕ, ವಿಮಾನದ ಟಿಕೆಟ್, ವೀಸಾ ಶುಲ್ಕ, ಆರೋಗ್ಯ ವಿಮೆ ಎಲ್ಲವನ್ನೂ ಯೋಜನೆ ಭರಿಸುತ್ತದೆ. ಜೀವನ ನಿರ್ವಹಣೆಗೆ ವರ್ಷಕ್ಕೆ 15,400 ಡಾಲರ್, ಬ್ರಿಟನ್‌ಗೆ ಹೋದರೆ 9,900 ಪೌಂಡ್. ಪುಸ್ತಕ ಮುಂತಾದ ಇತರ ಖರ್ಚಿಗೆ 1,500 ಡಾಲರ್ ಅಥವಾ 1,100 ಪೌಂಡ್. ಸ್ನಾತಕೋತ್ತರ ಪದವಿಗೆ ಗರಿಷ್ಠ ಮೂರು ವರ್ಷ, ಪಿಎಚ್.ಡಿ.ಗೆ ನಾಲ್ಕು ವರ್ಷ.

ಕಾಗದದ ಮೇಲೆ ಇದು ಉದಾರವಾದ ಯೋಜನೆಯೇ. ಕಾಲೇಜು ಮೆಟ್ಟಿಲನ್ನೇ ಹತ್ತದ ಮನೆಯ ಹುಡುಗಿಯೊಬ್ಬಳು ಎಡಿನ್‌ಬರೋದಲ್ಲೋ ಮೆಲ್ಬರ್ನ್‌ನಲ್ಲೋ ಓದುವುದು ಇದರಿಂದ ಸಾಧ್ಯವಾಗಿದೆ. ಹಾಗಿರುವುದರಿಂದಲೇ ಇದು ಎಲ್ಲಿ ಸೋಲುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಪ್ರತಿಭೆಯನ್ನು ಅಳೆಯುವ ಕೋಲು ಯಾವುದು?

‘ಪ್ರತಿಭಾ ವಿದ್ಯಾರ್ಥಿವೇತನ’ ಎಂದಾಗ ಅಂಕವೋ ಸಂದರ್ಶನವೋ ಲೆಕ್ಕಕ್ಕೆ ಬರುತ್ತದೆ ಎಂದು ಜನ ಎಣಿಸುತ್ತಾರೆ. ಇಲ್ಲಿ ಹಾಗಲ್ಲ. ಅರ್ಹರಾದವರನ್ನು ಅವರು ಪ್ರವೇಶ ಪಡೆದಿರುವ ವಿಶ್ವವಿದ್ಯಾಲಯದ ಕ್ಯೂಎಸ್ ಶ್ರೇಯಾಂಕದ ಪ್ರಕಾರ ಸಾಲಾಗಿ ನಿಲ್ಲಿಸಲಾಗುತ್ತದೆ. ಎಂದರೆ ವಿದ್ಯಾರ್ಥಿಯ ಪ್ರತಿಭೆಯನ್ನು ವಿಶ್ವವಿದ್ಯಾಲಯದ ಸ್ಥಾನವೇ ಹೇಳುತ್ತದೆ ಎಂಬ ನಂಬಿಕೆ.

ಇದರ ಅನುಕೂಲ ಸ್ಪಷ್ಟ. ಕ್ಯೂಎಸ್ ಪಟ್ಟಿ ಎಲ್ಲರಿಗೂ ಕಾಣುತ್ತದೆ, ಅದರಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ. ಸಂದರ್ಶನ ಮಂಡಳಿಯ ಮರ್ಜಿಯ ಮೇಲೆ ನಿಂತ ಆಯ್ಕೆಗಿಂತ ಇದು ಶುದ್ಧ ಎಂಬ ವಾದವನ್ನು ತಳ್ಳಿಹಾಕಲಾಗದು. ಜಾತಿಯ ಕಾರಣಕ್ಕೆ ಸಂದರ್ಶನಗಳಲ್ಲಿ ಅಂಕ ಕಳೆದುಕೊಂಡ ಸಮುದಾಯಗಳಿಗೆ ಇದು ಸಣ್ಣ ವಿಷಯವಲ್ಲ.

ತೊಂದರೆ ಬೇರೆ ಕಡೆ ಇದೆ. ಕ್ಯೂಎಸ್ ಶ್ರೇಯಾಂಕ ಇಡೀ ವಿಶ್ವವಿದ್ಯಾಲಯದ್ದು, ವಿಭಾಗದ್ದಲ್ಲ. ಮಣ್ಣಿನ ವಿಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ವಿಭಾಗವೊಂದು 250ನೇ ಸ್ಥಾನದ ವಿಶ್ವವಿದ್ಯಾಲಯದಲ್ಲಿ ಇರಬಹುದು. ಶೇ 85 ಅಂಕ ಪಡೆದು ಅಲ್ಲಿಗೆ ಪಿಎಚ್.ಡಿ. ಪ್ರವೇಶ ಗಳಿಸಿದವರು ಸಾಲಿನಲ್ಲಿ ಹಿಂದೆ ನಿಲ್ಲುತ್ತಾರೆ. ಶೇ 62 ಅಂಕ ಪಡೆದು 90ನೇ ಸ್ಥಾನದ ವಿಶ್ವವಿದ್ಯಾಲಯದಲ್ಲಿ, ಶುಲ್ಕ ಕಟ್ಟುವವರಿಗೆ ಸಲೀಸಾಗಿ ಸೀಟು ಕೊಡುವ ಒಂದು ವರ್ಷದ ಕೋರ್ಸಿಗೆ ಸೇರಿದವರು ಮುಂದೆ ನಿಲ್ಲುತ್ತಾರೆ. ನಿಯಮದ ಪ್ರಕಾರ ಎರಡೂ ಸರಿ.

ಇನ್ನೊಂದು ತೊಂದರೆ ಅರ್ಜಿಗೂ ಮೊದಲೇ ಶುರುವಾಗುತ್ತದೆ. ಷರತ್ತಿಲ್ಲದ ಪ್ರವೇಶಪತ್ರ ಬೇಕೆಂದರೆ ಸಾಮಾನ್ಯವಾಗಿ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಭಾಷಾ ಪರೀಕ್ಷೆ ಬರೆದಿರಬೇಕು. ಅದರ ಶುಲ್ಕ ಹದಿನೆಂಟು ಸಾವಿರದ ಆಸುಪಾಸು. ಕೆಲವು ಕೋರ್ಸುಗಳಿಗೆ ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯೂ ಬೇಕು, ಅದಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅಮೆರಿಕದ ನಾಲ್ಕು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರೆ ಅರ್ಜಿ ಶುಲ್ಕವೇ ಮೂವತ್ತು ಸಾವಿರ ದಾಟಬಹುದು. ವಿದ್ಯಾರ್ಥಿವೇತನದ ಒಂದು ಪೈಸೆ ಕಾಣುವ ಮೊದಲೇ ಅರವತ್ತು ಎಪ್ಪತ್ತು ಸಾವಿರ ಖರ್ಚು. ವರ್ಷಕ್ಕೆ ಎರಡು ಲಕ್ಷ ಆದಾಯದ ಮನೆಗೂ ಏಳೂವರೆ ಲಕ್ಷದ ಮನೆಗೂ ಈ ಖರ್ಚಿನ ಭಾರ ಒಂದೇ ಅಲ್ಲ. ಆದಾಯದ ಮಿತಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

2022ರ ಫೆಬ್ರುವರಿಯಲ್ಲಿ ಇನ್ನೊಂದು ಕತ್ತರಿ ಬಿತ್ತು. ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತದ ಸಮಾಜವನ್ನು ಕುರಿತ ಅಧ್ಯಯನಗಳಿಗೆ ಈ ವಿದ್ಯಾರ್ಥಿವೇತನ ಇಲ್ಲವೆಂದು ಮಾರ್ಗಸೂಚಿ ಬದಲಾಯಿತು. ಅವನ್ನು ಓದಲು ಬೇಕಾದ ಸಾಮಗ್ರಿ ಇಲ್ಲೇ ಇದೆ ಎಂಬುದು ಸರ್ಕಾರದ ವಾದ. ಜಾತಿಯನ್ನು ಕುರಿತ ಸಂಶೋಧನೆಯ ದೊಡ್ಡ ಗ್ರಂಥಾಲಯಗಳೂ ಮಾರ್ಗದರ್ಶಕರೂ ಹೊರಗೂ ಇದ್ದಾರೆ, ಆ ಬಾಗಿಲನ್ನು ದಲಿತ ವಿದ್ಯಾರ್ಥಿಗಳಿಗೇ ಮುಚ್ಚಿದಂತಾಯಿತು ಎಂಬುದು ವಿರೋಧಿಸಿದವರ ಮಾತು. ಈ ಎರಡನೆಯ ಮಾತೇ ಹೆಚ್ಚು ತೂಕದ್ದು. 1916ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಮಂಡಿಸಿದ ಪ್ರಬಂಧ ಭಾರತದ ಜಾತಿಗಳನ್ನು ಕುರಿತದ್ದೇ ಆಗಿತ್ತು.

ಹಣ ಬರುವ ದಾರಿ

ಈಗ ಮೂಲ ಪ್ರಶ್ನೆಗೆ ಬರೋಣ. ಆಯ್ಕೆಯಾದ ಮೇಲೂ ಹಣ ಇಲ್ಲದೆ ಹೋಗುವುದು ಹೇಗೆ?

ಮೊದಲ ಕಾರಣ ಹಿಂದಿನ ವರ್ಷಗಳ ಬಾಧ್ಯತೆ. ಈ ವರ್ಷ ಆಯ್ಕೆಯಾದವರಿಗೆ ಸರ್ಕಾರ ಈ ವರ್ಷ ಮಾತ್ರ ಹಣ ಕೊಟ್ಟರೆ ಸಾಲದು. ಎರಡು, ಮೂರು, ನಾಲ್ಕು ವರ್ಷ ಕೊಡಬೇಕು. ಆದ್ದರಿಂದ ಪ್ರತಿ ವರ್ಷದ ಮುಂಗಡಪತ್ರದ ಹಣದಲ್ಲಿ ಮೊದಲ ಪಾಲು ಈಗಾಗಲೇ ಹೊರಗಿರುವವರಿಗೆ ಹೋಗುತ್ತದೆ, ಉಳಿದದ್ದು ಹೊಸಬರಿಗೆ. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 125 ಮಂದಿ, ಸರಾಸರಿ ಮೂರು ವರ್ಷದ ವ್ಯಾಸಂಗ ಎಂದರೆ ಯಾವುದೇ ವರ್ಷ 375 ಮಂದಿ ಹೊರಗಿರುತ್ತಾರೆ. ಶುಲ್ಕ, ಜೀವನವೆಚ್ಚ ಎಲ್ಲ ಸೇರಿ ಒಬ್ಬರಿಗೆ ವರ್ಷಕ್ಕೆ 40 ಲಕ್ಷ ಎಂದಿಟ್ಟುಕೊಂಡರೂ 150 ಕೋಟಿ ರೂಪಾಯಿ ಬೇಕು. 2025–26ರ ಮುಂಗಡಪತ್ರದಲ್ಲಿ ಈ ಯೋಜನೆಗೆ ಇಟ್ಟದ್ದು 130 ಕೋಟಿ. ಹಿಂದಿನ ವರ್ಷಕ್ಕೆ ಇಟ್ಟದ್ದು 95 ಕೋಟಿ. ಏರಿಕೆ ಕಡಿಮೆಯೇನಲ್ಲ, ಆದರೂ ಸೀಟುಗಳ ಸಂಖ್ಯೆ ಕೇಳುವ ಮೊತ್ತಕ್ಕೆ ಅದು ಸಾಲದು.

ಎರಡನೆಯದು ರೂಪಾಯಿ. ಭತ್ಯೆ ನಿಗದಿಯಾಗಿರುವುದು ಡಾಲರ್‌ನಲ್ಲಿ, ಮುಂಗಡಪತ್ರ ಬರೆಯುವುದು ರೂಪಾಯಿಯಲ್ಲಿ. ಡಾಲರ್‌ಗೆ 75 ರೂಪಾಯಿ ಇದ್ದ 2022ರ ಆರಂಭದಲ್ಲಿ 15,400 ಡಾಲರ್ ಎಂದರೆ 11.55 ಲಕ್ಷ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಆ ದರದಲ್ಲಿ ಅದೇ ಭತ್ಯೆಗೆ 13.86 ಲಕ್ಷ ಬೇಕು. ವಿದ್ಯಾರ್ಥಿಗೆ ಒಂದು ಡಾಲರ್ ಕೂಡ ಹೆಚ್ಚು ಸಿಗದೆ ಸರ್ಕಾರದ ಖರ್ಚು ತಲಾ 2.31 ಲಕ್ಷ ಏರಿತು. ಬೋಧನಾ ಶುಲ್ಕ ಇದಕ್ಕಿಂತ ದೊಡ್ಡ ಮೊತ್ತ, ಅದರ ಮೇಲಿನ ಹೊರೆಯೂ ಹೀಗೇ ಬೆಳೆಯುತ್ತದೆ.

ಮೂರನೆಯದು ಅನುಮೋದನೆಯ ಸರಪಳಿ. ಮುಂಗಡಪತ್ರದಲ್ಲಿ ಹಣ ತೋರಿಸಿದ ಮಾತ್ರಕ್ಕೆ ಸಚಿವಾಲಯ ಅದನ್ನು ಖರ್ಚು ಮಾಡುವಂತಿಲ್ಲ. ಯೋಜನೆಯ ಅವಧಿ ಮತ್ತು ಒಟ್ಟು ಮೊತ್ತಕ್ಕೆ ಮೇಲಿನ ಹಂತದ ಮಂಜೂರಾತಿ ಇರಬೇಕು. ಜುಲೈನ ಗೊಂದಲಕ್ಕೆ ಸಂಪುಟ ಸಮಿತಿಯ ಅನುಮೋದನೆ ಬಾಕಿ ಇದ್ದದ್ದೇ ಕಾರಣವೆಂದು ಅಧಿಕಾರಿಗಳು ಹೇಳಿದ್ದಾಗಿ ಆಗ ವರದಿಯಾಗಿತ್ತು. ಅಂದರೆ ಖಜಾನೆಯಲ್ಲಿ ಹಣ ಇರಬಹುದು, ಕೊಡುವ ಅಧಿಕಾರ ಆ ಹೊತ್ತಿಗೆ ಕೈಯಲ್ಲಿ ಇಲ್ಲದಿರಬಹುದು. ಕಾಯುವ ವಿದ್ಯಾರ್ಥಿಗೆ ಎರಡೂ ಒಂದೇ.

ಜುಲೈನ ಪತ್ರಕ್ಕೆ ಇರುವ ಬೆಲೆ ಅಕ್ಟೋಬರ್‌ಗೆ ಇಲ್ಲ

‘ಸ್ವಲ್ಪ ತಡವಾದರೇನು, ಬರುತ್ತದಲ್ಲ’ ಎಂಬ ಮಾತು ಕೇಳಿಬರುತ್ತದೆ. ಬ್ರಿಟನ್ನಿನ ಉದಾಹರಣೆ ತೆಗೆದುಕೊಂಡು ದಿನಗಳನ್ನು ಎಣಿಸೋಣ.

ಸೆಪ್ಟೆಂಬರ್ ಕೊನೆಗೆ ತರಗತಿ ಶುರು. ವೀಸಾ ಅರ್ಜಿಗೆ ವಿಶ್ವವಿದ್ಯಾಲಯ ಕೊಡುವ ಸಿಎಎಸ್ ಎಂಬ ದೃಢೀಕರಣ ಸಂಖ್ಯೆ ಬೇಕು. ಅದು ಸಿಗಬೇಕಾದರೆ ಒಂದೋ ಕೆಲವು ಸಾವಿರ ಪೌಂಡ್ ಮುಂಗಡ ಕಟ್ಟಬೇಕು, ಇಲ್ಲವೇ ‘ಈ ವಿದ್ಯಾರ್ಥಿಯ ಶುಲ್ಕ ನಾವು ಕಟ್ಟುತ್ತೇವೆ’ ಎಂಬ ಪ್ರಾಯೋಜಕರ ಪತ್ರ ತೋರಿಸಬೇಕು. ಮಂಜೂರಾತಿ ಪತ್ರದ ಮೊದಲ ಉಪಯೋಗ ಇದು.

ಎರಡನೆಯ ಉಪಯೋಗ ವೀಸಾದಲ್ಲಿ. ಸರ್ಕಾರವೇ ಪೂರ್ತಿ ಖರ್ಚು ಹೊತ್ತಿದೆ ಎಂಬ ಪತ್ರವಿದ್ದರೆ ಅದೇ ಹಣಕಾಸಿನ ಪುರಾವೆ. ಪತ್ರವಿಲ್ಲದವರು ಬ್ಯಾಂಕ್ ಖಾತೆ ತೋರಿಸಬೇಕು: ಮೊದಲ ವರ್ಷದ ಶುಲ್ಕದ ಬಾಕಿ, ಅದರ ಜೊತೆಗೆ ಒಂಬತ್ತು ತಿಂಗಳ ಜೀವನವೆಚ್ಚ. ಜೀವನವೆಚ್ಚದ ಈ ಮೊತ್ತ 2025ರ ನವೆಂಬರ್‌ನಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಒಟ್ಟು 13,761. ಲಂಡನ್ ಹೊರಗೆ 1,171ರಂತೆ 10,539. ಆ ಹಣ ಸತತ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಒಂದು ದಿನ ಒಂದು ಪೌಂಡ್ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿನಿಂದ. ಆಗಸ್ಟ್ 10ಕ್ಕೆ ‘ಪತ್ರ ಬರುವುದಿಲ್ಲ’ ಎಂದು ಖಚಿತವಾದ ವಿದ್ಯಾರ್ಥಿ ಆ ದಿನವೇ ಸಾಲ ತಂದು ಖಾತೆಗೆ ತುಂಬಿದರೂ ಸೆಪ್ಟೆಂಬರ್ ಮೊದಲ ವಾರದವರೆಗೆ ಬ್ಯಾಂಕ್ ಪತ್ರವೇ ಸಿಗದು. ಅದಾದ ಮೇಲೆ ವೀಸಾಕ್ಕೆ ಕಾಯುವ ವಾರಗಳು. ಅಷ್ಟರಲ್ಲಿ ವಿಶ್ವವಿದ್ಯಾಲಯದ ತಡ ಪ್ರವೇಶದ ಗಡುವೂ ಮುಗಿದಿರುತ್ತದೆ. ವೀಸಾ ಜೊತೆಗೆ ಕಟ್ಟಬೇಕಾದ ಆರೋಗ್ಯ ಸರ್‌ಚಾರ್ಜ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಹದಿನಾರು ತಿಂಗಳ ವೀಸಾ ಆದರೆ 1,164.

ಈ ಅಂಕಿಗಳನ್ನು ಭತ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ವರ್ಷಕ್ಕೆ 9,900 ಪೌಂಡ್ ಎಂದರೆ ತಿಂಗಳಿಗೆ 825. ಲಂಡನ್ ಹೊರಗೆ ಬದುಕಲು ತಿಂಗಳಿಗೆ ಕನಿಷ್ಠ 1,171 ಬೇಕೆಂದು ಬ್ರಿಟಿಷ್ ಸರ್ಕಾರವೇ ಹೇಳುತ್ತದೆ. ಮಂಜೂರಾತಿ ಪತ್ರ ಸರಿಯಾದ ಹೊತ್ತಿಗೆ ಬಂದವರೂ ತಿಂಗಳಿಗೆ 346 ಪೌಂಡ್ ಕೊರತೆಯಲ್ಲೇ ದಿನ ತೆಗೆಯಬೇಕು. ಲಂಡನ್‌ನಲ್ಲಿ ಕೊರತೆ 704. ಕ್ಯೂಎಸ್ ಪಟ್ಟಿಯ ಮೇಲಿನ ಸಾಲುಗಳಲ್ಲಿರುವ ಇಂಪೀರಿಯಲ್, ಯುಸಿಎಲ್ ಎರಡೂ ಇರುವುದು ಲಂಡನ್‌ನಲ್ಲೇ. ನಿಯಮ ವಿದ್ಯಾರ್ಥಿಯನ್ನು ದುಬಾರಿ ಊರಿನ ಕಡೆಗೆ ತಳ್ಳುತ್ತದೆ, ಭತ್ಯೆ ಆ ಊರಿಗೆ ಸಾಲುವುದಿಲ್ಲ.

ಹಣದ ಅವಧಿ ಓದಿನ ಅವಧಿಗೆ ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಶತಮಾನ ಹಳೆಯ ಉದಾಹರಣೆಯೇ ಇದೆ. 1913ರಲ್ಲಿ ಬರೋಡಾದ ಮೂರನೇ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11.50 ಪೌಂಡ್‌ನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಂಬೇಡ್ಕರರನ್ನು ಕೊಲಂಬಿಯಾಕ್ಕೆ ಕಳಿಸಿದರು. ಅಲ್ಲಿಂದ ಲಂಡನ್ನಿಗೆ ಹೋದ ಅವರು ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಮತ್ತೆ ಲಂಡನ್ನಿಗೆ ಹೋಗಲು ಸಾಧ್ಯವಾದದ್ದು 1920ರಲ್ಲಿ, ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಗೆಳೆಯರ ಸಾಲದಿಂದ. ಆ ಮೂರು ವರ್ಷ ದಾಟಿ ಬರುವ ಛಲ ಅವರಲ್ಲಿತ್ತು. ಪ್ರತಿ ವಿದ್ಯಾರ್ಥಿಯಿಂದಲೂ ಅಷ್ಟು ಛಲ ಬೇಡುವ ವ್ಯವಸ್ಥೆಯನ್ನು ಸರಿಯಾದ ವ್ಯವಸ್ಥೆ ಎನ್ನಲಾಗದು.

ವಾದಗಳು ಮೂರು ಬಗೆ

ಸರ್ಕಾರದ ಕಡೆಯ ವಾದ: ಹಣಕ್ಕೆ ಮಿತಿ ಇದೆ, ಈಗಾಗಲೇ ಹೊರಗಿರುವವರನ್ನು ನಡುನೀರಿನಲ್ಲಿ ಬಿಟ್ಟು ಹೊಸಬರಿಗೆ ಕೊಡಲಾಗದು, ಆದ್ದರಿಂದ ಶ್ರೇಯಾಂಕದಲ್ಲಿ ಮೇಲಿರುವವರಿಗೆ ಮೊದಲು, ಉಳಿದವರಿಗೆ ಹಣ ಬಂದಂತೆ. ಇದರಲ್ಲಿ ನ್ಯಾಯವಿದೆ. ಆದರೆ ಈ ಲೆಕ್ಕ ಅರ್ಜಿ ಕರೆಯುವ ಮೊದಲೇ ಗೊತ್ತಿರುವಂಥದ್ದು. ಎಷ್ಟು ಮಂದಿ ಹೊರಗಿದ್ದಾರೆ, ಅವರಿಗೆ ಎಷ್ಟು ಬಾಕಿ ಎಂಬುದು ಸಚಿವಾಲಯದ ಕಡತದಲ್ಲೇ ಇರುತ್ತದೆ. 125 ಎಂದು ಘೋಷಿಸಿದ್ದು ಆ ಕಡತ ಇಟ್ಟುಕೊಂಡವರೇ.

ವಿದ್ಯಾರ್ಥಿಗಳ ವಾದ: ಆಯ್ಕೆ ಎಂಬುದೇ ವಾಗ್ದಾನ. ಅದನ್ನು ನಂಬಿ ಬೇರೆ ಅವಕಾಶ ಬಿಟ್ಟಿದ್ದೇವೆ, ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೇವೆ. ಇವರ ಆತಂಕಕ್ಕೆ ಹಿನ್ನೆಲೆಯೂ ಇದೆ. ಅಲ್ಪಸಂಖ್ಯಾತ ಸಂಶೋಧನಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಬೇರೆ ಯೋಜನೆಗಳ ಜೊತೆ ಅತಿವ್ಯಾಪ್ತಿಯಾಗುತ್ತದೆ ಎಂಬ ಕಾರಣ ಕೊಟ್ಟು 2022–23ರಿಂದ ನಿಂತಿತು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ‘ಪಢೋ ಪರದೇಶ್’ ಕೂಡ ಅದೇ ವರ್ಷದಿಂದ ಇಲ್ಲ. ಒಂದು ಯೋಜನೆ ನಿಂತಾಗ ಉಳಿದವುಗಳ ಮೇಲಿನ ನಂಬಿಕೆಯೂ ಸಡಿಲವಾಗುತ್ತದೆ.

ಮೂರನೆಯ ವಾದ ಹಣವನ್ನು ಇಲ್ಲೇ ಖರ್ಚು ಮಾಡಿ ಎನ್ನುತ್ತದೆ. ಹೊರಗೆ ಒಬ್ಬರಿಗೆ ವರ್ಷಕ್ಕೆ ಆಗುವ 40 ಲಕ್ಷದಲ್ಲಿ ಇಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದಂತೆ 26 ಮಂದಿಯನ್ನು ಓದಿಸಬಹುದು ಎಂಬ ಲೆಕ್ಕ ಮೇಲುನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಒಳನಾಡಿನ ವಿದ್ಯಾರ್ಥಿವೇತನಗಳ ಸ್ಥಿತಿ ನೋಡಿದಾಗ ಈ ವಾದ ಅಷ್ಟು ಸರಳವಲ್ಲ ಎಂಬುದು ತಿಳಿಯುತ್ತದೆ.

ಇಲ್ಲೇ ಓದುವವರ ಪಾಡು

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023–24ರಲ್ಲಿ ಹಿಂದಿನ ಹಲವು ಸ್ನಾತಕೋತ್ತರ ವಿದ್ಯಾರ್ಥಿವೇತನಗಳನ್ನು ಕೂಡಿಸಿ ‘ನ್ಯಾಷನಲ್ ಸ್ಕಾಲರ್‌ಶಿಪ್ ಫಾರ್ ಪೋಸ್ಟ್ ಗ್ರಾಜುಯೇಟ್ ಸ್ಟಡೀಸ್’ ತಂದಿತು: ದೇಶಕ್ಕೆಲ್ಲ 10,000 ಸೀಟು, ತಿಂಗಳಿಗೆ 15,000 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು. ಆಯ್ಕೆ ಪದವಿಯ ಅಂಕದ ಮೇಲೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಂಕವನ್ನು ಒಂದೇ ತಕ್ಕಡಿಗೆ ಹಾಕುವುದರಿಂದ, ಕೈಬಿಚ್ಚಿ ಅಂಕ ಕೊಡುವ ಕಡೆಯವರಿಗೆ ಅನುಕೂಲ, ಬಿಗಿಯಾಗಿ ಕೊಡುವ ಕಡೆಯವರಿಗೆ ನಷ್ಟ.

ಗೇಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿ ಎಂ.ಟೆಕ್. ಸೇರಿದವರಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೊಡುವುದು ತಿಂಗಳಿಗೆ 12,400 ರೂಪಾಯಿ, 24 ತಿಂಗಳು. ಸುಮಾರು ಹತ್ತು ವರ್ಷದಿಂದ ಈ ಮೊತ್ತ ಅಲುಗಿಲ್ಲ. ಬೆಂಗಳೂರಿನಲ್ಲಿ ಹಾಸ್ಟೆಲ್ ಸಿಗದವರ ಪೇಯಿಂಗ್ ಗೆಸ್ಟ್ ಬಾಡಿಗೆ ಮತ್ತು ಊಟಕ್ಕೇ ಇದು ಮುಗಿಯುತ್ತದೆ. ಇದಕ್ಕೆ ಎದುರಾಗಿ ನೆಟ್ ಪರೀಕ್ಷೆ ಪಾಸಾದ ಸಂಶೋಧನಾರ್ಥಿಗಳಿಗೆ ತಿಂಗಳಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ 31,000ದಿಂದ 37,000ಕ್ಕೆ ಏರಿತು. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಮೊದಲ ವರ್ಷವೇ ತಿಂಗಳಿಗೆ 70,000 ಕೊಡುತ್ತದೆ. ಪಿಎಚ್.ಡಿ. ಹಂತ ಮುಟ್ಟಿದವರಿಗೆ ಹಣ ಏರುತ್ತದೆ. ಅಲ್ಲಿಗೆ ಹೋಗಲು ದಾಟಲೇಬೇಕಾದ ಸ್ನಾತಕೋತ್ತರದ ಎರಡು ವರ್ಷಗಳಲ್ಲಿ ಕೈ ಖಾಲಿ. ಬಡ ಮನೆಯ ಪ್ರತಿಭಾವಂತರು ಓದು ಬಿಟ್ಟು ಕೆಲಸಕ್ಕೆ ಸೇರುವುದು ಹೆಚ್ಚಾಗಿ ಈ ಎರಡು ವರ್ಷದ ಹೊಸ್ತಿಲಲ್ಲೇ.

ಇದೇ ಹೊತ್ತಿಗೆ ನೀತಿ ಸಾಲದ ಕಡೆಗೆ ವಾಲುತ್ತಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲದ ಸಾಲವಿದೆ, 8 ಲಕ್ಷದವರೆಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ಸಹಾಯಧನವಿದೆ. ಆದರೆ ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ಹೊರದೇಶಕ್ಕೆ ಹೋಗುವವರು ಏಳೂವರೆ ಲಕ್ಷಕ್ಕಿಂತ ಹೆಚ್ಚು ಸಾಲ ಕೇಳಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಪತ್ರ ಕೇಳುತ್ತವೆ. ಭೂಮಿಯೇ ಇಲ್ಲದ ಮನೆಯವರು ಯಾವ ಪತ್ರ ತೋರಿಸಬೇಕು?

270 ಅರ್ಜಿ ಬಿದ್ದದ್ದು, 19 ಸೀಟು ಉಳಿದದ್ದು

ಸುದ್ದಿಯಲ್ಲಿ 66 ಮಂದಿಯ ಮಾತೇ ಹೆಚ್ಚು ಕೇಳಿಸಿತು. ಅದಕ್ಕಿಂತ ದೊಡ್ಡ ಸಂಖ್ಯೆ 270. ಹಾಕಿದ ಅರ್ಜಿಗಳಲ್ಲಿ ಶೇ 61ರಷ್ಟು ತಿರಸ್ಕೃತ. 125 ಸೀಟಿನಲ್ಲಿ ಆಯ್ಕೆಯಾದದ್ದು 106. ಅರ್ಜಿದಾರರೂ ಇದ್ದರು, ಸೀಟೂ ಉಳಿಯಿತು.

ಇಂಥ ಅರ್ಜಿಗಳು ಎಡವುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ‘ಷರತ್ತಿಲ್ಲದ’ ಎಂಬ ಪದ. ಅಂತಿಮ ಸೆಮಿಸ್ಟರಿನ ಫಲಿತಾಂಶ ಬರದಿದ್ದರೆ, ಇಂಗ್ಲಿಷ್ ಪರೀಕ್ಷೆಯ ಅಂಕ ಸಲ್ಲಿಸದಿದ್ದರೆ, ಕೆಲವೊಮ್ಮೆ ಮುಂಗಡ ಶುಲ್ಕ ಕಟ್ಟದಿದ್ದರೂ ವಿಶ್ವವಿದ್ಯಾಲಯ ಕೊಡುವುದು ಷರತ್ತಿನ ಪತ್ರವೇ. ಹಣದ ಷರತ್ತಿನ ವಿಷಯದಲ್ಲಿ ವಿಶ್ವವಿದ್ಯಾಲಯಕ್ಕೆ ಬರೆದು, ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿರುವುದರಿಂದ ಶೈಕ್ಷಣಿಕವಾಗಿ ಷರತ್ತಿಲ್ಲ ಎಂದು ನಮೂದಿಸಿದ ಪತ್ರ ಕೊಡಿ ಎಂದು ಕೇಳಿದರೆ ಹಲವರು ಕೊಡುತ್ತಾರೆ. ಕೇಳಬಹುದು ಎಂಬುದೇ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಎರಡನೆಯದು ಆದಾಯ ಪ್ರಮಾಣಪತ್ರ. ಕರ್ನಾಟಕದಲ್ಲಿ ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಅದರ ಮೇಲಿನ ಆರ್.ಡಿ. ಸಂಖ್ಯೆ ಹಾಕಿದರೆ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕೆಲಸ ಆಗಿಬಿಡುತ್ತದೆ. ಆ ರೂಢಿಯಲ್ಲಿ ಮೂರು ವರ್ಷ ಹಳೆಯ ಪತ್ರವನ್ನೇ ಇಲ್ಲಿಗೂ ಹಾಕುತ್ತಾರೆ. ಕೇಂದ್ರ ಯೋಜನೆ ಕೇಳುವುದು ಹಿಂದಿನ ಹಣಕಾಸು ವರ್ಷದ ಆದಾಯ. ಅರ್ಜಿ ಕರೆಯುವ ಮೊದಲೇ ಹೊಸ ಪತ್ರ ಮಾಡಿಸಿಕೊಂಡು, ಆದಾಯ ತೆರಿಗೆ ವಿವರ ಸಲ್ಲಿಸಿದ್ದರೆ ಅದರ ಮೊತ್ತಕ್ಕೂ ಪತ್ರದ ಮೊತ್ತಕ್ಕೂ ತಾಳೆ ನೋಡಿಕೊಳ್ಳಬೇಕು.

ಮೂರನೆಯದು ನಮ್ಮ ಕಡೆಯವರಿಗೇ ಹೆಚ್ಚು ಕಾಡುವ ಇನಿಷಿಯಲ್ ಸಮಸ್ಯೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಆರ್.’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಪೂರ್ತಿ, ಜಾತಿ ಪ್ರಮಾಣಪತ್ರದಲ್ಲಿ ಬರೀ ‘ಮಂಜುನಾಥ’. ಮೂರೂ ಒಬ್ಬರೇ ಎಂದು ಸಾಬೀತುಪಡಿಸುವ ಅಫಿಡವಿಟ್ ಅರ್ಜಿಯ ಜೊತೆಗೇ ಇರಬೇಕು.

ನಾಲ್ಕನೆಯದು ಸಿಜಿಪಿಎ, ಎಂದರೆ ಹತ್ತಕ್ಕೆ ಲೆಕ್ಕ ಹಾಕುವ ಒಟ್ಟು ಗ್ರೇಡ್ ಸರಾಸರಿ. ಶೇ 60 ಎಂದರೆ 6.0 ಸಾಕೆಂದು ತಿಳಿಯುವವರಿದ್ದಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2015, 2018ರ ಸ್ಕೀಮ್‌ಗಳಲ್ಲಿ ಶೇಕಡಾವಾರು ತೆಗೆಯಲು ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. 6.7 ಇದ್ದವರಿಗೆ ಬರುವುದು 59.5; 6.75 ಇದ್ದರಷ್ಟೇ 60. ವಿಶ್ವವಿದ್ಯಾಲಯದ ಪರಿವರ್ತನಾ ಸೂತ್ರದ ಅಧಿಕೃತ ಪ್ರತಿ ಲಗತ್ತಿಸದಿದ್ದರೆ ಪರಿಶೀಲಿಸುವವರು ಅರ್ಜಿಯನ್ನು ಬದಿಗೆ ಸರಿಸುತ್ತಾರೆ.

ಈ ನಾಲ್ಕರಲ್ಲಿ ಯಾವುದೂ ಪ್ರತಿಭೆಯ ಕೊರತೆಯಲ್ಲ. ಪ್ರತಿ ವಿಶ್ವವಿದ್ಯಾಲಯದಲ್ಲಿ ಕಾಗದ ನೋಡಿಕೊಡುವ ಒಬ್ಬ ತಿಳಿದ ಸಿಬ್ಬಂದಿ ಇದ್ದರೂ ಈ ಸಂಖ್ಯೆ ಇಳಿಯುತ್ತದೆ.

ಬೇರೆಯವರು ಹೇಗೆ ಕೊಡುತ್ತಾರೆ

ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್‌ನಲ್ಲಿ ಪ್ರವೇಶಕ್ಕೂ ವಿದ್ಯಾರ್ಥಿವೇತನಕ್ಕೂ ಒಂದೇ ಅರ್ಜಿ. ಬಹುಪಾಲು ಕೋರ್ಸುಗಳಿಗೆ ಅಕ್ಟೋಬರ್‌ನಿಂದ ಜನವರಿಯೊಳಗೆ ಅರ್ಜಿ, ವಸಂತದ ಹೊತ್ತಿಗೆ ಫಲಿತಾಂಶ. ತಿಂಗಳಿಗೆ 1,400 ಯೂರೋ. ಆಯ್ಕೆಯ ಪತ್ರವೇ ಹಣದ ಪತ್ರ. ಬ್ರಿಟನ್ನಿನ ಚೀವ್ನಿಂಗ್‌ಗೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಅಲ್ಲಿ ಮೊದಲು ವ್ಯಕ್ತಿಯನ್ನು ಆರಿಸುತ್ತಾರೆ, ಷರತ್ತಿಲ್ಲದ ಪ್ರವೇಶಪತ್ರವನ್ನು ಆಮೇಲೆ ಕೇಳುತ್ತಾರೆ. ಹಾಗೆಂದು ಹೊರಗಿನದೆಲ್ಲ ಭದ್ರವಲ್ಲ. 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ಹಣ ತಡೆಹಿಡಿದಾಗ ಫುಲ್‌ಬ್ರೈಟ್‌ನಂಥ ಹಳೆಯ ವಿದ್ಯಾರ್ಥಿವೇತನ ಕಾರ್ಯಕ್ರಮವೂ ಕಂಪಿಸಿತು. ರಾಜಕೀಯ ಹಸ್ತಕ್ಷೇಪದ ಆರೋಪ ಮಾಡಿ ಜೂನ್‌ನಲ್ಲಿ ಅದರ ಮಂಡಳಿಯ ಹೆಚ್ಚುಕಡಿಮೆ ಎಲ್ಲ ಸದಸ್ಯರೂ ರಾಜೀನಾಮೆ ಕೊಟ್ಟರು.

ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ಕುಟುಂಬದ ಆದಾಯ ಏರಿದಂತೆ ನೆರವಿನ ಪಾಲು ಇಳಿಯುವ ಕ್ರಮವನ್ನು ತಂದಿತು. ಒಂದು ಗೆರೆ ಎಳೆದು ಈ ಕಡೆಯವರಿಗೆ ಎಲ್ಲ, ಆ ಕಡೆಯವರಿಗೆ ಏನೂ ಇಲ್ಲ ಎನ್ನುವುದಕ್ಕಿಂತ ಇದು ಒಳ್ಳೆಯ ತತ್ವ. ಕೇಂದ್ರ ಯೋಜನೆ ಇದನ್ನು ಗಮನಿಸಬೇಕು.

ಕೇಂದ್ರದ ಪದ್ಧತಿ ಬದಲಾಗದಿದ್ದರೆ ಪರಿಣಾಮ ಊಹಿಸುವುದು ಕಷ್ಟವಲ್ಲ. ಪತ್ರ ತಡವಾದಾಗ ಕೈಯಿಂದ ಮುಂಗಡ ಕಟ್ಟಿ ಸೀಟು ಉಳಿಸಿಕೊಳ್ಳುವವರು 8 ಲಕ್ಷದ ಮಿತಿಯ ಮೇಲಂಚಿನವರು, ಬಿಟ್ಟುಕೊಡುವವರು ಕೆಳಗಿನವರು. ನಾಲ್ಕು ವರ್ಷದ ಪಿಎಚ್.ಡಿ. ವಿದ್ಯಾರ್ಥಿ ಖಜಾನೆಗೆ ದೀರ್ಘ ಹೊರೆಯಾಗಿ ಕಂಡರೆ, ಒಂದು ವರ್ಷದ ಕೋರ್ಸಿಗೆ ಹೋಗುವವರ ಸಂಖ್ಯೆ ಬೆಳೆಯುತ್ತದೆ. ಅರ್ಜಿಯನ್ನು ಹಿಂದಿನ ವರ್ಷದ ನವೆಂಬರ್‌ನಲ್ಲೇ ಕರೆದು ಮಾರ್ಚ್‌ಗೆ ಪತ್ರ ಕೊಟ್ಟರೆ, ಹಣ ಖಚಿತವಾದ ಸಂಖ್ಯೆಯಷ್ಟೇ ಸೀಟು ಘೋಷಿಸಿದರೆ, ಮೇಲೆ ಹೇಳಿದ ಸಂಕಟಗಳಲ್ಲಿ ಅರ್ಧದಷ್ಟು ಇರುವುದಿಲ್ಲ.

ಪತ್ರ ಬಾರದವರು ಈಗ ಮಾಡಬಹುದಾದದ್ದು

ವಿಶ್ವವಿದ್ಯಾಲಯಕ್ಕೆ ಬರೆದು ಪ್ರವೇಶವನ್ನು ಒಂದು ವರ್ಷ ಮುಂದೂಡಲು ಕೇಳಬಹುದು. ಆಯ್ಕೆಪಟ್ಟಿಯಲ್ಲಿ ಹೆಸರಿರುವ ಪುಟವನ್ನು ಲಗತ್ತಿಸಿ, ಸರ್ಕಾರದ ಪತ್ರ ಬಾಕಿ ಇದೆ ಎಂದು ನೇರವಾಗಿ ತಿಳಿಸಿದರೆ ಸಾಕು. ಕೇಳಬೇಕಾದ ಪ್ರಶ್ನೆಗಳೂ ಇವೆ: ಕಟ್ಟಿದ ಮುಂಗಡ ಮುಂದಿನ ವರ್ಷಕ್ಕೆ ವರ್ಗವಾಗುತ್ತದೆಯೇ, ಹೊಸ ವರ್ಷದ ದಿನಾಂಕ ಹಾಕಿದ ಹೊಸ ಪ್ರವೇಶಪತ್ರ ಕೊಡುತ್ತಾರೆಯೇ, ಶುಲ್ಕ ಹಳೆಯದೋ ಹೊಸದೋ. ಹಳೆಯ ಪತ್ರವನ್ನೇ ಮುಂದಿನ ಸಾಲಿನ ವಿದ್ಯಾರ್ಥಿವೇತನದ ಅರ್ಜಿಗೆ ಹಾಕಿದರೆ ಅದು ತಿರಸ್ಕೃತ ಅರ್ಜಿಗಳ ಗುಂಪಿಗೆ ಸೇರುತ್ತದೆ.

ಬ್ಯಾಂಕ್ ಸಾಲದಿಂದ ಮೊದಲ ಕಂತು ಕಟ್ಟುವ ಯೋಚನೆ ಇರುವವರು ಸಾಲವನ್ನು ಅಧಿಸೂಚಿತ ಹಣಕಾಸು ಸಂಸ್ಥೆಯಿಂದಲೇ ಪಡೆಯುವುದು ಲೇಸು. 2025ರ ಏಪ್ರಿಲ್ 1ರಿಂದ ಅಂಥ ಸಾಲದ ಹಣವನ್ನು ಹೊರದೇಶಕ್ಕೆ ಕಳಿಸುವಾಗ ಬ್ಯಾಂಕ್ ಮೂಲದಲ್ಲೇ ವಸೂಲು ಮಾಡುವ ತೆರಿಗೆ (ಟಿಸಿಎಸ್) ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷದವರೆಗೆ ಮಾತ್ರ ಈ ವಿನಾಯಿತಿ.

ಮುಂದೂಡುವವರು ಎರಡು ದಿನಾಂಕಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಕ್ಯೂಎಸ್ ಹೊಸ ಪಟ್ಟಿ ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ. ಈ ವರ್ಷ 480ರಲ್ಲಿರುವ ವಿಶ್ವವಿದ್ಯಾಲಯ ಮುಂದಿನ ವರ್ಷ 500 ದಾಟಿ ಹೋಗಬಹುದು. ಐಇಎಲ್‌ಟಿಎಸ್ ಅಂಕಕ್ಕೆ ಎರಡು ವರ್ಷದ ಆಯುಷ್ಯ. 2024ರ ಆಗಸ್ಟ್‌ನಲ್ಲಿ ಬರೆದ ಪರೀಕ್ಷೆಯನ್ನು 2026ರ ಸೆಪ್ಟೆಂಬರ್ ಪ್ರವೇಶಕ್ಕೆ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಅಂಥವರು ಪರೀಕ್ಷೆಯನ್ನು ಮತ್ತೆ ಬರೆಯಬೇಕು, ಅದೂ ಅರ್ಜಿಯ ಪೋರ್ಟಲ್ ತೆರೆಯುವ ಮೊದಲೇ.